ಅರಗಿನ ಪ್ಲೇಟಿನಲ್ಲಿ ಎಲ್ಗರ್

ಇಂಗ್ಲೆಂಡಿನ ಸಂಗೀತ ರಚನಕಾರ ಎಡ್ವರ್ಡ್ ಎಲ್ಗರ್ (1857–1934) ತಮ್ಮ ಪಿಟೀಲು ಕಾನ್ಸರ್ಟೊವನ್ನು ಎರಡು ಸಲ ಗ್ರಾಮಫೋನಿಗೆ ಕೊಟ್ಟರು. 1910ರಲ್ಲಿ ಮೊದಲ ಬಾರಿಗೆ ವೇದಿಕೆ ಕಂಡ ಈ ಕೃತಿ ಮುಗಿಯಲು ಮುಕ್ಕಾಲು ಗಂಟೆಗೂ ಹೆಚ್ಚು ಬೇಕು. 1916ರಲ್ಲಿ ಮೇರಿ ಹಾಲ್ ನುಡಿಸಿದಾಗ ಅದನ್ನು ಕತ್ತರಿಸಿ ಪ್ಲೇಟಿನ ನಾಲ್ಕೇ ಮಗ್ಗುಲಿಗೆ ಇಳಿಸಲಾಯಿತು. 1932ರ ಜುಲೈನಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಹದಿನಾರರ ಹುಡುಗ ಯೆಹೂದಿ ಮೆನುಹಿನ್ ಅದನ್ನೇ ಇಡಿಯಾಗಿ ನುಡಿಸಿದ; ಅದಕ್ಕೆ ಆರು ಪ್ಲೇಟು ಬೇಕಾದವು. ಎರಡೂ ಸಲ ವಾದ್ಯವೃಂದದ ಮುಂದೆ ನಿಂತವರು ಎಲ್ಗರ್ ಅವರೇ. ಹದಿನಾರು ವರ್ಷಗಳಲ್ಲಿ ಧ್ವನಿಮುದ್ರಣ ಎಷ್ಟು ಬದಲಾಯಿತೆಂದು ಅಳೆಯಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

1916ರ ಯಂತ್ರದಲ್ಲಿ ವಿದ್ಯುತ್ತು ಇರಲಿಲ್ಲ. ವಾದಕರು ದೊಡ್ಡ ಕಹಳೆಯೊಂದರ ಬಾಯಿಗೆ ಮೈಯೊಡ್ಡಿ ಕೂರುತ್ತಿದ್ದರು. ಕಹಳೆಯ ಕಿರಿದಾದ ತುದಿಯಲ್ಲಿ ತೆಳುವಾದ ಪೊರೆ, ಪೊರೆಗೆ ಕೂಡಿಸಿದ ಮುಳ್ಳು, ಮುಳ್ಳಿನ ಕೆಳಗೆ ತಿರುಗುವ ಮೇಣದ ತಟ್ಟೆ. ಮೇಣ ಕೊರೆಯುವ ಶಕ್ತಿಯೆಲ್ಲ ನಾದದಿಂದಲೇ ಬರಬೇಕು. ಮಾಮೂಲು ಮಾತಿನಲ್ಲಿ ಮನುಷ್ಯನ ಬಾಯಿಂದ ಹೊರಡುವ ಧ್ವನಿಶಕ್ತಿ ಒಂದು ವ್ಯಾಟಿನ ಲಕ್ಷದಲ್ಲೊಂದು ಪಾಲು, ಅಷ್ಟೇ. ಹೀಗಾಗಿ ಸುಮಾರು 200ರಿಂದ 3,000 ಹರ್ಟ್ಸ್‌ವರೆಗಿನ ಕಂಪನ ಮಾತ್ರ ಮೇಣಕ್ಕೆ ತಲುಪುತ್ತಿತ್ತು. ಪಿಟೀಲಿನ ಕೆಳಗಿನ ತಂತಿ 196 ಹರ್ಟ್ಸ್. ಅದು ಹೇಗೋ ಗಡಿ ಮುಟ್ಟಿತು. ಡಬಲ್ ಬಾಸ್‌ನ ಕೆಳಗಿನ ತಂತಿ 41 ಹರ್ಟ್ಸ್. ಅದರ ಮೂಲಸ್ವರ ಬರಲೇ ಇಲ್ಲ. ಅದರ ಜಾಗದಲ್ಲಿ ಟ್ಯೂಬಾ ಊದಿಸುವುದು ಆ ಕಾಲದ ರೂಢಿ.

ಕಾನ್ಸರ್ಟೊದ ಕೊನೆಯ ಭಾಗದಲ್ಲಿ ಪಿಟೀಲುಗಾರ ಬಹುಮಟ್ಟಿಗೆ ಒಬ್ಬನೇ ನುಡಿಸುವ ಘಟ್ಟವೊಂದಿದೆ. ಹಿಂದೆ ಕುಳಿತ ತಂತಿವಾದ್ಯಗಳು ಕಮಾನು ಬಿಟ್ಟು ಬೆರಳಿನಿಂದ ತಂತಿಗಳನ್ನು ಸವರುತ್ತವೆ. ಸಭೆಯಲ್ಲಿ ಅದು ಸಣ್ಣ ಮರ್ಮರವಾಗಿ ಕೇಳಿಸುತ್ತದೆ. ಕಹಳೆಗೆ ಅದು ಕೇಳಿಸುವಂತಿರಲಿಲ್ಲ. ಎಲ್ಗರ್ ಆ ಜಾಗಕ್ಕೆ ಹಾರ್ಪ್ ವಾದ್ಯದ ಹೊಸ ಪಾಠವನ್ನೇ ಬರೆದುಕೊಟ್ಟರು. ಯಂತ್ರದ ಕಿವಿ ಮಂದವೆಂದು ರಚನಕಾರನೇ ತನ್ನ ಕೃತಿಯನ್ನು ತಿದ್ದಿದ ಈ ಪ್ರಸಂಗ ಧ್ವನಿಮುದ್ರಣದ ಚರಿತ್ರೆಯಲ್ಲಿ ಬಹಳ ಬೆಲೆಯುಳ್ಳದ್ದು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜೋಸೆಫ್ ಮ್ಯಾಕ್ಸ್‌ಫೀಲ್ಡ್ ಮತ್ತು ಹೆನ್ರಿ ಹ್ಯಾರಿಸನ್ ನಾದದ ಈ ಕಟ್ಟನ್ನು ಬಿಡಿಸಿದರು. ಮೈಕ್ರೊಫೋನು ನಾದವನ್ನು ವಿದ್ಯುತ್ತಾಗಿಸುತ್ತದೆ, ವಾಲ್ವುಗಳು ಅದನ್ನು ಹಿಗ್ಗಿಸುತ್ತವೆ, ಮೇಣ ಕೊರೆಯುವ ಕೆಲಸ ವಿದ್ಯುತ್ಕಾಂತದ ಪಾಲಿಗೆ ಬರುತ್ತದೆ. 1925ರಲ್ಲಿ ಈ ವಿಧಾನ ಬಳಕೆಗೆ ಬಂದೊಡನೆ ಸುಮಾರು 100ರಿಂದ 5,000 ಹರ್ಟ್ಸ್‌ವರೆಗಿನ ನಾದ ದಕ್ಕಿತು. ಮೆನುಹಿನ್ ಪ್ಲೇಟುಗಳಲ್ಲಿ ವಾದ್ಯವೃಂದಕ್ಕೆ ತಳ ಬಂದದ್ದು ಹೀಗೆ.

ಆದರೆ ಕಾಲದ ಕಟ್ಟು ಬಿಚ್ಚಲಿಲ್ಲ. ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತದೆ. ಹನ್ನೆರಡು ಅಂಗುಲದ ಪ್ಲೇಟಿನಲ್ಲಿ ಮಿಲಿಮೀಟರಿಗೆ ಸುಮಾರು ನಾಲ್ಕು ಗೀರು. ಒಂದು ಮಗ್ಗುಲಿಗೆ 350 ಸುತ್ತು, ಅಂದರೆ ನಾಲ್ಕೂವರೆ ನಿಮಿಷ. ಇಲ್ಲಿ ಇನ್ನೊಂದು ತೊಡಕೂ ಇದೆ. ಆಲೆಮನೆಯಲ್ಲಿ ಗಾಣಕ್ಕೆ ಕಟ್ಟಿದ ಜೋಡಿಯಲ್ಲಿ ಹೊರಗಿನ ಕೋಣಕ್ಕೆ ಸುತ್ತು ದೊಡ್ಡದು, ಒಳಗಿನದಕ್ಕೆ ಚಿಕ್ಕದು. ಎರಡೂ ಸುತ್ತು ಮುಗಿಸುವುದು ಒಟ್ಟಿಗೇ. ಪ್ಲೇಟಿನ ಗೀರೂ ಹಾಗೆಯೇ. ಹೊರ ಅಂಚಿನಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 118 ಸೆಂಟಿಮೀಟರ್ ಗೀರು ಸರಿದರೆ, ನಡುವಿನ ಲೇಬಲ್ಲಿನ ಹತ್ತಿರ 50 ಸೆಂಟಿಮೀಟರ್ ಮಾತ್ರ. 5,000 ಹರ್ಟ್ಸ್‌ನ ಒಂದು ಅಲೆಗೆ ಹೊರಗೆ ಕಾಲು ಮಿಲಿಮೀಟರ್ ಜಾಗ ಸಿಕ್ಕರೆ, ಒಳಗೆ ಸಿಗುವುದು ಅದರ ಅರ್ಧಕ್ಕಿಂತ ಕಡಿಮೆ. ಉಕ್ಕಿನ ಮುಳ್ಳಿನ ತುದಿ ಆ ಬಳುಕುಗಳೊಳಗೆ ಪೂರ್ತಿ ಇಳಿಯುವುದಿಲ್ಲ. ಪ್ರತಿ ಮಗ್ಗುಲಿನ ಕೊನೆಯ ನಿಮಿಷದಲ್ಲಿ ನಾದ ಮಂಕಾಗುವುದು ಇದರಿಂದಲೇ, ದೋಷ ಪಿಟೀಲುಗಾರನದ್ದಲ್ಲ.

ಈ ನಾಲ್ಕೂವರೆ ನಿಮಿಷದ ಲೆಕ್ಕವನ್ನು ಉತ್ತರ ಕನ್ನಡದ ಕರಾವಳಿಗೆ ತಂದು ನೋಡಬೇಕು. ಎಲ್ಗರ್ ತೀರಿಕೊಂಡ 1934ರಲ್ಲೇ ಹೊನ್ನಾವರದ ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದರು. ರಾತ್ರಿಯಿಂದ ಬೆಳಗಿನವರೆಗಿನ ಎಂಟು ತಾಸಿನ ಆಟವನ್ನು ಹಿಡಿಯಲು ನೂರೇಳು ಮಗ್ಗುಲು, ಅಂದರೆ 54 ಪ್ಲೇಟು ಬೇಕು. ಭಾಗವತರ ಏರುಕಂಠವೂ ಚಂಡೆಯ ಸಿಡಿತವೂ ಕಹಳೆಗೆ ಒಗ್ಗುವಂಥವೇ. ಮದ್ದಳೆಯ ತಳದ ಗುಂಗು ಮಾತ್ರ ಸೋರಿಹೋಗುತ್ತಿತ್ತು. ಇಡೀ ಪ್ರಸಂಗವನ್ನಾಗಲಿ ತಾಳಮದ್ದಳೆಯ ಅರ್ಥವನ್ನಾಗಲಿ ಉಳಿಸಿಕೊಳ್ಳುವುದು ಪ್ಲೇಟಿನಿಂದ ಆಗದ ಮಾತು. ಮಗ್ಗುಲಿಗೆ 45 ನಿಮಿಷದ ಕ್ಯಾಸೆಟ್ಟು ಬಂದ ಮೇಲೆ ಅದು ಸುಲಭವಾಯಿತು.

ಎಷ್ಟು ಹೊತ್ತು ಮುದ್ರಿಸಬಹುದೆಂಬುದನ್ನು ಯಂತ್ರ ತೀರ್ಮಾನಿಸಿದರೆ, ಎಷ್ಟು ವರ್ಷ ಬಾಳುತ್ತದೆಂಬುದನ್ನು ವಸ್ತು ತೀರ್ಮಾನಿಸುತ್ತದೆ. ಎಲ್ಗರ್ ಪ್ಲೇಟುಗಳ ಅಂಟು ಭಾರತದ ಅರಗು. ಮುತ್ತುಗದಂಥ ಮರಗಳ ಮೇಲೆ ಅರಗಿನ ಹುಳು ಸ್ರವಿಸುವ, ಚನ್ನಪಟ್ಟಣದ ಬೊಂಬೆಗೆ ಮೆರುಗು ಕೊಡುವ ಅದೇ ಅರಗು. ಅದಕ್ಕೆ ಕಲ್ಲಿನ ಪುಡಿ, ಮಸಿ ಸೇರಿಸಿ ಬಿಸಿಯಲ್ಲಿ ಒತ್ತಿದರೆ ಪ್ಲೇಟು. ಮುಳ್ಳು ಸವೆದು ಗೀರಿನ ಆಕಾರಕ್ಕೆ ಬರಲೆಂದು ಕಲ್ಲಿನ ಪುಡಿ. ಹಳೆ ಪ್ಲೇಟಿನ ‘ಸುಯ್’ ಸದ್ದು ಅದರದೇ.

ಈ ಪ್ಲೇಟುಗಳಿಗೆ ಭಾರತದ ನಂಟು ಅರಗಿನಿಂದ ಮಾತ್ರವಲ್ಲ. ಎಲ್ಗರ್‌ರ ಮುದ್ರಣಗಳನ್ನು ಮುತುವರ್ಜಿಯಿಂದ ನಡೆಸಿದ ಫ್ರೆಡ್ ಗೈಸ್‌ಬರ್ಗ್, 1902ರಲ್ಲಿ ಕಲ್ಕತ್ತಕ್ಕೆ ಬಂದು ಗೌಹರ್ ಜಾನ್‌ರ ಹಾಡು ಮುದ್ರಿಸಿದವರು. ಆ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಮೈಸೂರಿನ ನಂಟು ಅಲ್ಲಿಗೆ ಮುಗಿಯಲಿಲ್ಲ. ರಷ್ಯದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ತಮ್ಮ ಪಿಯಾನೊ ಕೃತಿಗಳನ್ನು ತಾವೇ ನುಡಿಸಿ ಮುದ್ರಿಸಲು ಮಹಾರಾಜ ಜಯಚಾಮರಾಜ ಒಡೆಯರು ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೆಯ ಕಾನ್ಸರ್ಟೊವನ್ನು ಒಡೆಯರಿಗೆ ಅರ್ಪಿಸಿದರು. ಆ ಅರಗಿನ ಪ್ಲೇಟುಗಳಿಂದ ಇಂದಿಗೂ ಶುದ್ಧ ಪ್ರತಿ ತೆಗೆಯಬಹುದು.

ಒಡೆಯರ ನೆರವಿನಿಂದಲೇ 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಹಾಡುಗಳ ಮೊದಲ ಗಾಯನ ನಡೆಯಿತು. ಅದನ್ನು ಮುದ್ರಿಸಿದ್ದು ‘ಅಸಿಟೇಟ್’ ಎಂದು ಕರೆಯುವ ತಟ್ಟೆಗಳ ಮೇಲೆ. ಇಂಥವುಗಳಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ ಮೇಲೆ ನೈಟ್ರೊಸೆಲ್ಯುಲೋಸ್ ಲೇಪ ಇರುತ್ತದೆ. ಅದನ್ನು ಮೆತ್ತಗಿಡಲು ಬೆರೆಸುವುದು ಹರಳೆಣ್ಣೆ. ವರ್ಷ ಕಳೆದಂತೆ ಎಣ್ಣೆ ಹೊರಬಂದು ಲೇಪ ಕುಗ್ಗುತ್ತದೆ, ಬಿರಿಯುತ್ತದೆ. ಮುಳ್ಳು ಓಡಿದಷ್ಟೂ ಗೀರು ಸವೆಯುತ್ತದೆ. ಆ ಮಹತ್ವದ ಮುದ್ರಣ ಮರುಪ್ರತಿ ತೆಗೆಯುವ ಹೊತ್ತಿಗೆ ತೀರಾ ಹಾಳಾಗಿತ್ತು. ಡಿಜಿಟಲ್ ಚಿಕಿತ್ಸೆಯಿಂದ ಮರಳಿ ಬಂದದ್ದು ಒಂದಷ್ಟು ಮಾತ್ರ.

ಭಟ್ಕಳ, ಹೊನ್ನಾವರ, ಕುಮಟಾದ ಮನೆಗಳಲ್ಲಿರುವ ಯಕ್ಷಗಾನದ ಕ್ಯಾಸೆಟ್ಟುಗಳಿಗೆ ಕಾದಿರುವ ಅಪಾಯ ಬೇರೆ ಬಗೆಯದು. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ, ಮಳೆಗಾಲದಲ್ಲಿ ಶೇ. 85 ಮೀರುವ ತೇವ. ಗಾಳಿಯ ತೇವ ಶೇ. 70ನ್ನು ದಾಟಿ ನಿಂತರೆ ಟೇಪಿನ ಸುರುಳಿಯಂಚಿಗೆ ಬಿಳಿ ಬೂಷ್ಟು ಹಿಡಿಯುತ್ತದೆ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 130 ಮೀಟರ್ ಟೇಪು ಇರುತ್ತದೆ. ದಪ್ಪ ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟು. ಸುತ್ತುಗಳು ಒಂದಕ್ಕೊಂದು ಅಂಟಿದ್ದಾಗ ಪ್ಲೇಯರಿಗೆ ಹಾಕಿದರೆ ಎಳೆತಕ್ಕೆ ಹರಿಯುತ್ತದೆ. ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಉಣ್ಣೆಯ ಪ್ಯಾಡು ಅಂಟು ಬಿಟ್ಟು ಉದುರಿದರೆ ಸ್ವರ ಮಂಕಾಗುತ್ತದೆ. ಹಲವರು ಹಾಡೇ ಅಳಿಸಿಹೋಯಿತೆಂದು ಅಂಥ ಕ್ಯಾಸೆಟ್ಟನ್ನು ಎಸೆಯುತ್ತಾರೆ. ಟೇಪಿನ ಮೇಲಿನ ಕಾಂತೀಯ ಮುದ್ರೆ ಹಾಗೆಯೇ ಇರುತ್ತದೆ. ಬೇರೆ ಡಬ್ಬಿಗೆ ಸುರುಳಿ ಬದಲಿಸಿದರೆ ಭಾಗವತರು ಮತ್ತೆ ಹಾಡುತ್ತಾರೆ.

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಮೊದಲು ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿಟ್ಟು ಒಣಗಿಸಬೇಕು, ಬಿಸಿಲಿಗಲ್ಲ. ಹಳೆ ಅರಗಿನ ಪ್ಲೇಟಿದ್ದರೆ ತಣ್ಣೀರಿನಲ್ಲಿ ಒರೆಸಬಹುದು; ಸ್ಪಿರಿಟ್ ಮಾತ್ರ ಸೋಕಿಸಬಾರದು. ಬಡಗಿಗಳು ಪಾಲಿಶಿಗೆ ಅರಗನ್ನು ಕರಗಿಸುವುದೇ ಸ್ಪಿರಿಟ್ಟಿನಲ್ಲಿ. ಅದು ತಗುಲಿದರೆ ಗೀರೂ ಕರಗುತ್ತದೆ. ಕಂಪ್ಯೂಟರಿಗೆ ಇಳಿಸುವಾಗ ಪ್ಲೇಯರಿನ ಹೆಡ್ಡಿನ ಓರೆಯನ್ನು ಪ್ರತಿ ಕ್ಯಾಸೆಟ್ಟಿಗೂ ಹೊಂದಿಸಿಕೊಳ್ಳಬೇಕು, ಮೂಲ ಪ್ರತಿಯನ್ನು ಸಂಕುಚಿಸದೆ ಉಳಿಸಬೇಕು. ಮಗ್ಗುಲಿಗೆ 45 ನಿಮಿಷವಾದರೆ ಇಳಿಸುವುದಕ್ಕೂ 45 ನಿಮಿಷ. ಸಾಮಾನ್ಯ ಪ್ಲೇಯರಿನಲ್ಲಿ ಇದಕ್ಕೆ ಒಳದಾರಿಯಿಲ್ಲ.