ಒಂದೇ ಆಲ್ಬಮ್, ಎರಡು ಹಡಗು

ಇವತ್ತು 1973ರ ಒಂದು ಆಲ್ಬಮ್ ತಂದಿದೀನಿ. ಹೆಸರು ‘ಫ್ರೀಡಮ್ ಫಾರ್ ದ ಸ್ಟ್ಯಾಲಿಯನ್’. ಹಾಡಿದವರು ಅಮೆರಿಕದ ‘ದ ಹ್ಯೂಸ್ ಕಾರ್ಪೊರೇಷನ್’. ಬಿಕಾಂ ಓದಿದೋಳು ನಾನು, ಈ ಹೆಸರು ಕೇಳಿದ್ರೆ ಬ್ಯಾಲೆನ್ಸ್ ಶೀಟೇ ಕಣ್ಮುಂದೆ ಬರುತ್ತೆ! ಆದರೆ ಇದು ಕಂಪನಿ ಅಲ್ಲ, ಕ್ಯಾಲಿಫೋರ್ನಿಯಾದ ಒಂದು ಸೋಲ್ ತಂಡ. ಭಾರೀ ಶ್ರೀಮಂತ ಹೋವರ್ಡ್ ಹ್ಯೂಸ್ ಹೆಸರಿನ ಸ್ಪೆಲಿಂಗ್ ಸ್ವಲ್ಪ ಬದಲಿಸಿದ್ರು, ‘ಬಣ್ಣಗಳು’ ಅನ್ನೋ ಅರ್ಥ ಬಂತು.

ಹಾಡುಗಾರರು ಮೂವರು: ಆನ್ ಕೆಲ್ಲಿ, ಸೇಂಟ್ ಕ್ಲೇರ್ ಲೀ, ಫ್ಲೆಮಿಂಗ್ ವಿಲಿಯಮ್ಸ್. ಇದು ಅವರ ಮೊದಲ ಆಲ್ಬಮ್, ಹೊರತಂದದ್ದು ಆರ್‌ಸಿಎ.

ಕಂಪನಿ ಮೊದಲು ನಂಬಿದ್ದು ಟೈಟಲ್ ಹಾಡನ್ನ. ಬರೆದವರು ನ್ಯೂ ಆರ್ಲಿಯನ್ಸ್‌ನ ಅಲೆನ್ ಟೂಸಾಂಟ್. ಕುದುರೆಗೂ ಅದರ ಮರಿಗೂ ಸ್ವಾತಂತ್ರ್ಯ ಕೇಳ್ತಾ ಶುರುವಾಗೋ ಹಾಡು, ಸಂಕೋಲೆ ಹಾಕಿದ ಗುಲಾಮರನ್ನ ಹೊತ್ತು ಹೊರಟ ಹಡಗಿಗೆ ಬಂದು ನಿಲ್ಲುತ್ತೆ. ಮನುಷ್ಯರನ್ನೇ ನಾಶ ಮಾಡೋ ಕಾನೂನುಗಳ ಬಗ್ಗೆ ದೇವರನ್ನೇ ಪ್ರಶ್ನೆ ಮಾಡುತ್ತೆ. ಅಮೆರಿಕದ ಕಪ್ಪು ಜನರ ಮತದ ಹಕ್ಕಿಗೆ ಗಟ್ಟಿ ಕಾನೂನು ಬಂದಿದ್ದೇ 1965ರಲ್ಲಿ, ನೆನಪಿರಲಿ. ಹಾಡು ಬಿಲ್‌ಬೋರ್ಡ್ ಪಟ್ಟಿಯಲ್ಲಿ 63ರ ಹತ್ತಿರ ಹೋಗಿ ನಿಂತುಬಿಡ್ತು.

ಅದೇ ಆಲ್ಬಮ್‌ನಲ್ಲಿ ಇನ್ನೊಂದು ಹಡಗು ಇತ್ತು: ‘ರಾಕ್ ದ ಬೋಟ್’. ಬರೆದವರು ತಂಡ ಕಟ್ಟಿದ ವಾಲಿ ಹೋಮ್ಸ್. ನಮ್ಮ ಪ್ರೀತಿ ಒಂದು ಹಡಗು, ಅದನ್ನ ಅಲುಗಾಡಿಸಬೇಡ, ಅಷ್ಟೇ ವಿಷಯ. ಆದರೆ ಡ್ರಮ್ ಕೇಳಿ. ಜಿಮ್ ಗೋರ್ಡನ್ ಬಾರಿಸಿದ್ದು. ಮುಂದೆ ಬಂದ ಡಿಸ್ಕೋ ಹಾಡುಗಳ ‘ಧಮ್ ಧಮ್’ ಇಲ್ಲಿಲ್ಲ. ತಾಳ ಸ್ವಲ್ಪ ತಡೆದು, ಕುಪ್ಪಳಿಸಿ ಬರುತ್ತೆ. ಅಲೆ ಮೇಲೆ ಕೂತ ಹಾಗೇ ಮೈ ತೂಗುತ್ತೆ.

ರೇಡಿಯೋದವರು ಇದನ್ನ ಮೊದಲು ಅಷ್ಟಾಗಿ ತಲೆಗೆ ಹಾಕ್ಕೊಳ್ಳಲಿಲ್ಲ. ಕೈಹಿಡಿದದ್ದು ನ್ಯೂಯಾರ್ಕ್‌ನ ಡಿಸ್ಕೋ ಕ್ಲಬ್‌ಗಳು. ರಾತ್ರಿ ಕುಣಿದವರು ಬೆಳಗ್ಗೆ ಅಂಗಡಿಗೆ ಹೋಗಿ ರೆಕಾರ್ಡ್ ಕೇಳಿದ್ರು. ಅಂಗಡಿಯಲ್ಲಿ ಓಡ್ತಿದೆ ಅಂತ ಗೊತ್ತಾದ ಮೇಲೆ ರೇಡಿಯೋ ಹಿಂದೆ ಬಂತು. 1974ರ ಜುಲೈನಲ್ಲಿ ಹಾಡು ನಂಬರ್ ಒನ್! ಮುಂದಿನ ವಾರ ಆ ಜಾಗಕ್ಕೆ ಬಂದಿದ್ದು ಜಾರ್ಜ್ ಮೆಕ್‌ಕ್ರೇ ಅವರ ‘ರಾಕ್ ಯುವರ್ ಬೇಬಿ’, ಅದೂ ಡಿಸ್ಕೋನೇ.

ನನ್ನೊಳಗಿನ ಕಾಮರ್ಸ್ ಸ್ಟೂಡೆಂಟ್‌ಗೆ ಇಲ್ಲೇ ಕುತೂಹಲ. ಡಿಮ್ಯಾಂಡ್ ಇತ್ತು, ಅಳೆಯೋ ಮಾಪಕ ಇರಲಿಲ್ಲ. ಬಿಲ್‌ಬೋರ್ಡ್ ಡಿಸ್ಕೋಗೇ ಅಂತ ಅಂಕಣ ಶುರು ಮಾಡಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ, ಹಾಡು ಗೆದ್ದು ಮೂರು ತಿಂಗಳಾದ ಮೇಲೆ. ಇವತ್ತು ನಾವು ಎಷ್ಟು ಸೆಕೆಂಡಿಗೆ ಸ್ಕಿಪ್ ಮಾಡ್ತೀವಿ ಅನ್ನೋದೂ ಆ್ಯಪ್‌ಗೆ ಗೊತ್ತು.

ಗೆದ್ದಿದ್ದಕ್ಕೆ ಬೆಲೆಯೂ ಇತ್ತು. ಆಲ್ಬಮ್‌ಗೆ ಹೆಸರು ಕೊಟ್ಟ ಹಾಡೇ ಮರೆತುಹೋಯ್ತು. ಐರ್ಲೆಂಡ್‌ನ ಮದುವೆಗಳಲ್ಲಿ ಇವತ್ತಿಗೂ ‘ರಾಕ್ ದ ಬೋಟ್’ ಹಾಕಿದ್ರೆ ಜನ ನೆಲದ ಮೇಲೆ ಸಾಲಾಗಿ ಕೂತು ಹುಟ್ಟು ಹಾಕೋ ಥರ ಕುಣೀತಾರೆ. ಗುಲಾಮರ ಹಡಗಿನ ಹಾಡು ಗೊತ್ತಿರೋರು ತುಂಬ ಕಮ್ಮಿ. ಎರಡನೇದು ಹಗುರವಾದ ಹಾಡು ಅಂತ ನಾನು ಬೈಯಲ್ಲ. ಫ್ಲೆಮಿಂಗ್ ವಿಲಿಯಮ್ಸ್ ದನಿಯಲ್ಲಿ ಒಂದು ಸಣ್ಣ ಭಯ ಇದೆ, ದೋಣಿ ಮುಳುಗಿಬಿಟ್ರೆ ಅನ್ನೋ ಭಯ. ಟೈಟಲ್ ಹಾಡು ಕೇಳಿದ ತಕ್ಷಣ ಇದನ್ನ ಕೇಳಿದ್ರೆ ಅದು ಇನ್ನೂ ಚೆನ್ನಾಗಿ ಕೇಳ್ಸುತ್ತೆ.

ಹಾಗಾಗಿ ಶಫಲ್ ಆಫ್ ಮಾಡಿ. ಟೈಟಲ್ ಹಾಡು ಮೊದಲು, ಆಮೇಲೆ ‘ರಾಕ್ ದ ಬೋಟ್’. ಹೆಡ್‌ಫೋನ್ ಇದ್ರೆ ಒಳ್ಳೇದು, ಬೇಸ್ ಫೋನ್ ಸ್ಪೀಕರ್‌ನಲ್ಲಿ ಸಿಗಲ್ಲ.