ಡಾಟ್ ಟಿಎಸ್‌ಗೆ ಇಬ್ಬರು ವಾರಸುದಾರರು

ಲಿನಕ್ಸ್ ಕಂಪ್ಯೂಟರಿನಲ್ಲಿ ಟೈಪ್‌ಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಫೈಲೊಂದನ್ನು ಕ್ಲಿಕ್ ಮಾಡಿ ನೋಡಿ. ಹೆಸರಿನ ತುದಿಗೆ ಡಾಟ್ ಟಿಎಸ್, ಒಳಗೆಲ್ಲ ಅಪ್ಪಟ ಪ್ರೋಗ್ರಾಮು. ಎಷ್ಟೋ ಸಲ ತೆರೆದುಕೊಳ್ಳುವುದೇನು ಗೊತ್ತೆ? ವಿಡಿಯೊ ಪ್ಲೇಯರ್!

ಯಾಕೆಂದು ಹುಡುಕುತ್ತ ಹೊರಟರೆ ದಾರಿ ಬಂದು ನಿಲ್ಲುವುದು ನಮ್ಮೂರು ಭರಮಸಾಗರದ ಮನೆಗಳ ಮಾಳಿಗೆಯ ಮೇಲೆ! ಅಲ್ಲಿನ ಡಿಶ್‌ಗೆ ಚಂದನ ವಾಹಿನಿ ಇಳಿದುಬರುವುದು ಎಂಪೆಗ್ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಆಗಿ. ವಾರ್ತೆಯಿರಲಿ, ಹಾಡಿರಲಿ, ಎಲ್ಲವೂ 188 ಬೈಟ್‌ಗಳ ಪೊಟ್ಟಣ. ಒಂದೊಂದು ಪೊಟ್ಟಣದ ಮೊದಲ ಬೈಟ್ 71, ಒಂದೂ ತಪ್ಪದು. ಮೋಡ ಕವಿದು ಸಿಗ್ನಲ್ ಕಡಿದರೂ ಸೆಟ್‌ಟಾಪ್ ಬಾಕ್ಸ್ ಆ 71ನ್ನು ಹುಡುಕಿ ಹಿಡಿದು ಮತ್ತೆ ಹಳಿಗೆ ಬರುತ್ತದೆ. ಈ ಹರಿವನ್ನೇ ಫೈಲಾಗಿ ಉಳಿಸಿದರೆ ಅದರ ಬಾಲವೂ ಡಾಟ್ ಟಿಎಸ್! 2012ರಲ್ಲಿ ಮೈಕ್ರೋಸಾಫ್ಟ್ ಟೈಪ್‌ಸ್ಕ್ರಿಪ್ಟ್ ತರುವ ಹೊತ್ತಿಗೆ ಆ ಬಾಲ ವಿಡಿಯೊದ ಪಾಲಾಗಿ ಎಷ್ಟೋ ಕಾಲವಾಗಿತ್ತು.

ಪಾಲು ಬರೆದಿಡುವ ಖಾತೆಯೂ ಉಂಟು. 1992ರಲ್ಲಿ ನೇಥನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಇಮೇಲಿನಲ್ಲಿ ಚಿತ್ರ, ಧ್ವನಿ ಕಳಿಸಲೆಂದು ಮೈಮ್ ಕ್ರಮವನ್ನು ರೂಪಿಸಿದರು. ‘ಟೆಕ್ಸ್ಟ್/ಪ್ಲೇನ್’, ಮೇಲಿನ ಟ್ರಾನ್ಸ್‌ಪೋರ್ಟ್ ಸ್ಟ್ರೀಮಿನ ‘ವಿಡಿಯೊ/ಎಂಪಿ2ಟಿ’ ಥರದ ಜೋಡಿ ಹೆಸರುಗಳು ಅಲ್ಲಿಂದ ಬೆಳೆದವು. ಇವತ್ತು ಯಾವ ಬಾಲಕ್ಕೆ ಇವುಗಳಲ್ಲಿ ಯಾವ ಹೆಸರು ಎಂಬುದನ್ನು ವಿಂಡೋಸ್ ರಿಜಿಸ್ಟ್ರಿಯಲ್ಲಿ ಇಟ್ಟುಕೊಂಡಿದೆ. ಲಿನಕ್ಸ್ ಡೆಸ್ಕ್‌ಟಾಪ್‌ಗಳು ಶೇರ್ಡ್ ಮೈಮ್ ಇನ್ಫೋ ಎಂಬ ಪಟ್ಟಿಯನ್ನು ನೋಡುತ್ತವೆ.

ಆ ಪಟ್ಟಿಯೊಳಗೆ ಇಳಿದರೆ ಮೈ ಜುಮ್ಮೆನ್ನುತ್ತದೆ! ಅಲ್ಲಿ ಪ್ರತಿ ಬಾಲಕ್ಕೂ, ಅಂದರೆ ಎಕ್ಸ್‌ಟೆನ್ಷನ್‌ಗೂ, ಒಂದು ತೂಕವಿದೆ, ಸೊನ್ನೆಯಿಂದ 100ರವರೆಗೆ. ಹೇಳದೆ ಬಿಟ್ಟರೆ 50. ಒಂದೇ ಬಾಲಕ್ಕೆ ಇಬ್ಬರು ಸಮತೂಕದಲ್ಲಿ ಹಕ್ಕು ಹೂಡಿದರೆ ವ್ಯವಸ್ಥೆ ಹೆಸರನ್ನು ಬದಿಗಿಟ್ಟು ಫೈಲಿನ ಒಡಲನ್ನೇ ತೆರೆದು ಬೈಟುಗಳನ್ನು ಓದುತ್ತದೆ. ಎಕ್ಸ್‌ಟೆನ್ಷನ್ನೇ ಇಲ್ಲದ ಶೆಲ್ ಸ್ಕ್ರಿಪ್ಟನ್ನು ಗುರುತಿಸುವುದೂ ಹೀಗೆಯೇ, ಮೊದಲ ಸಾಲಿನ ಹ್ಯಾಶ್ ಮತ್ತು ಆಶ್ಚರ್ಯಚಿಹ್ನೆ ನೋಡಿ.

ನಾವೂ ಇದರಲ್ಲಿ ಕೈಯಾಡಿಸಬಹುದು! ಯಾರ ಅಪ್ಪಣೆಯೂ ಬೇಡ. ನಮ್ಮ ಹೋಮ್ ಫೋಲ್ಡರಿನಲ್ಲೇ ಒಂದು ಪುಟ್ಟ ಎಕ್ಸ್‌ಎಂಎಲ್ ಫೈಲು ಬರೆದು, ಡಾಟ್ ಟಿಎಸ್ ಟೈಪ್‌ಸ್ಕ್ರಿಪ್ಟಿನದು, ತೂಕ 60 ಎಂದು ಹೇಳಿ, ಮೈಮ್ ದತ್ತಾಂಶವನ್ನು ಹೊಸದಾಗಿಸಿದರೆ ಮುಗಿಯಿತು. ಪ್ಲೇಯರ್ ಜಾಗಕ್ಕೆ ಎಡಿಟರ್ ಬರುತ್ತದೆ. ಒಂದೇ ಎಚ್ಚರಿಕೆ: ಆಮೇಲೆ ನಿಜವಾದ ವಿಡಿಯೊ ಟಿಎಸ್ ಕೂಡ ಟೈಪ್‌ಸ್ಕ್ರಿಪ್ಟಿನ ಲೆಕ್ಕಕ್ಕೇ ಸೇರುತ್ತದೆ.

ಇನ್ನೂ ಬೆರಗಿನ ಸಂಗತಿ ಇದೆ. ಎಷ್ಟೋ ವೆಬ್ ಸರ್ವರ್‌ಗಳು ಇವತ್ತಿಗೂ ಟೈಪ್‌ಸ್ಕ್ರಿಪ್ಟಿಗೆ ವಿಡಿಯೊ ಚೀಟಿ ಅಂಟಿಸಿಯೇ ಕಳಿಸುತ್ತವೆ. ಟೈಪ್‌ಸ್ಕ್ರಿಪ್ಟ್ ಓಡಿಸುವ ಡೆನೊ ಅದನ್ನು ತಿರಸ್ಕರಿಸುವುದಿಲ್ಲ. ‘ವಿಡಿಯೊ/ಎಂಪಿ2ಟಿ’ ಎಂದು ಬಂದದ್ದನ್ನೂ ಟೈಪ್‌ಸ್ಕ್ರಿಪ್ಟ್ ಎಂದೇ ಓದಿಕೊಳ್ಳಬೇಕೆಂಬ ನಿಯಮವನ್ನು ಡೆನೊ ಕಟ್ಟಿದವರು ಅದರೊಳಗೇ ಬರೆದಿಟ್ಟಿದ್ದಾರೆ!