ಕುದಿಸಬಾರದ ಕಷಾಯ

ಕಷಾಯ ಕಾಯಿಸುವುದು ನಮ್ಮ ಮನೆಗಳಲ್ಲಿ ಯಾರೂ ಕಲಿಸದೆ ಬರುವ ವಿದ್ಯೆ. ಮೆಣಸು, ಶುಂಠಿ, ಏಲಕ್ಕಿಗಳನ್ನು ಜಜ್ಜಿ ನೀರಿಗೆ ಹಾಕಿ, ಅದು ಬತ್ತಿ ಕಾಲುಭಾಗಕ್ಕೆ ಇಳಿಯುವವರೆಗೆ ಕುದಿಸುವುದು. ಕುದಿದಷ್ಟೂ ಗುಣ ಹೆಚ್ಚು ಎಂದು ನಂಬುವುದು. ಈ ನಂಬಿಕೆಯಿಂದಲೇ ನಾನೊಮ್ಮೆ ಪರದೇಶದಲ್ಲಿ ತಲೆ ತಗ್ಗಿಸಬೇಕಾಯಿತು. ಆ ನೆಪದಲ್ಲಿ, ಕ್ರಿಸ್ಮಸ್ ಕೂಟಗಳಿಗೆಂದು ಅಲ್ಲಿ ಕಾಯಿಸುವ ಸಂಬಾರದ ಮದ್ಯದ ವಿಚಾರವಾಗಿ ನಾಲ್ಕು ಮಾತು ಹೇಳುತ್ತೇನೆ.

ಕೆಂಪು ದ್ರಾಕ್ಷಿಮದ್ಯಕ್ಕೆ ಸಕ್ಕರೆ, ಕಿತ್ತಳೆ, ಸಂಬಾರಗಳನ್ನು ಸೇರಿಸಿ ಬಿಸಿಮಾಡಿದರೆ ಅದು ಇಂಗ್ಲಿಷರ ‘ಮಲ್ಡ್ ವೈನ್’. ಸ್ವೀಡನ್ನಿನವರು ಇಂಥದೇ ಪಾನೀಯಕ್ಕೆ ಏಲಕ್ಕಿ ಹಾಕುತ್ತಾರೆ. ಲೋಟದ ತಳದಲ್ಲಿ ಒಣದ್ರಾಕ್ಷಿ, ಬಾದಾಮಿಗಳೂ ಇರುತ್ತವೆ. ಪದ್ಧತಿ ಬಹಳ ಹಳೆಯದು. ಅಪೀಸಿಯಸ್ಸನ ಹೆಸರಿನಲ್ಲಿ ಉಳಿದಿರುವ ರೋಮನ್ನರ ಪಾಕಗ್ರಂಥದಲ್ಲಿ ಜೇನು ಮತ್ತು ಮೆಣಸು ಬೆರೆಸಿದ ಮದ್ಯದ ವಿಧಾನವಿದೆ. ಆ ಮೆಣಸು ಹಡಗೇರಿ ಹೋದದ್ದು ಭಾರತದ ಪಶ್ಚಿಮ ಕರಾವಳಿಯಿಂದ. ಸಾಹಿತ್ಯದಲ್ಲಿಯೂ ಈ ಪಾನೀಯಕ್ಕೆ ಸ್ಥಾನವುಂಟು. 1843ರಲ್ಲಿ ಪ್ರಕಟವಾದ ಡಿಕನ್ಸನ ‘ಎ ಕ್ರಿಸ್ಮಸ್ ಕ್ಯಾರೊಲ್’ ಕಥೆಯ ಕೊನೆಯಲ್ಲಿ, ಮನಸ್ಸು ಕರಗಿದ ಜಿಪುಣ ಸ್ಕ್ರೂಜ್ ತನ್ನ ಗುಮಾಸ್ತನನ್ನು ಕರೆಯುವುದು ‘ಬಿಷಪ್’ ಎಂಬ ಇಂಥದೇ ಬಿಸಿ ಪಾನೀಯದ ಬೋಗುಣಿಯ ಬಳಿಗೆ.

1976ರ ಡಿಸೆಂಬರಿನಲ್ಲಿ ನಾನು ಲಂಡನ್ನಿನಲ್ಲಿ ವಿದ್ಯಾರ್ಥಿ. ಸಂಬಾರದ ನಾಡಿನವನೆಂಬ ಗೌರವದಿಂದ ನನ್ನ ಮನೆಯೊಡತಿ ಹಬ್ಬದ ಮದ್ಯ ಕಾಯಿಸುವ ಕೆಲಸವನ್ನು ನನಗೇ ವಹಿಸಿದಳು. ನಾನು ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಅರ್ಧ ಗಂಟೆ ಕೊತಕೊತನೆ ಕುದಿಸಿದೆ. ಬಂದದ್ದು ಶುದ್ಧ ಔಷಧ. ಅತಿಥಿಗಳು ದಾಕ್ಷಿಣ್ಯಕ್ಕೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಅಷ್ಟಕ್ಕೇ ನಿಂತಿದ್ದರೆ ನಗೆಯ ಮಾತಾಗುತ್ತಿತ್ತು. ಮನೆಯೊಡತಿಯ ಅಣ್ಣ ಕುಡಿತದಿಂದ ನೊಂದು ಅದನ್ನು ತೊರೆದು ಎರಡು ವರ್ಷವಾಗಿತ್ತು. ಅವರ ಮುಂದೆ ಲೋಟ ಹಿಡಿದು, “ಇಷ್ಟು ಕುದಿಸಿದ ಮೇಲೆ ಅಮಲಿನ ಅಂಶವೆಲ್ಲ ಹಾರಿಹೋಗಿದೆ, ತೆಗೆದುಕೊಳ್ಳಿ” ಎಂದೆ. ಅವರು ಏನೂ ಆಡದೆ ಕೋಟು ತೊಟ್ಟು ಹೊರಟುಹೋದರು.

ನಾನು ಹೇಳಿದ್ದು ಸುಳ್ಳೆಂದು ಆಮೇಲೆ ತಿಳಿಯಿತು. ಆಲ್ಕೊಹಾಲು 78 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕುದಿಯುತ್ತದೆ, ನಿಜ. ಆದರೆ ನೀರಿನೊಡನೆ ಬೆರೆತಿರುವಾಗ ಅದು ಪೂರ್ತಿ ಬಿಟ್ಟುಹೋಗುವುದಿಲ್ಲ. ಅರ್ಧ ಗಂಟೆ ಕುದಿಸಿದರೂ ಗಣನೀಯ ಪಾಲು ಉಳಿದೇ ಇರುತ್ತದೆ. ಹಾಳಾಗುವುದು ಮದ್ಯದ ಪರಿಮಳ. ಅದರ ಜೊತೆಗೆ ಲವಂಗದ ಒಗರು, ಕಿತ್ತಳೆಯ ಸಿಪ್ಪೆಯೊಳಗಿನ ಬಿಳಿಯ ಪದರದ ಕಹಿ ಎರಡೂ ಮೇಲೇಳುತ್ತವೆ.

ಮರುವರ್ಷ ಮನೆಯೊಡತಿಯೇ ಪಕ್ಕದಲ್ಲಿ ನಿಂತು ಕ್ರಮ ಕಲಿಸಿದಳು. ಸಂಬಾರಕ್ಕೆ ಬೆಂಕಿ ಬೇಕು, ಮದ್ಯಕ್ಕೆ ಬೇಡ, ಗುಟ್ಟೆಲ್ಲ ಇಷ್ಟೇ. 750 ಮಿಲಿಲೀಟರಿನ ಒಂದು ಸೀಸೆಗೆ 100 ಗ್ರಾಂ ಸಕ್ಕರೆ, ಒಂದು ಲೋಟ ನೀರು. ಅದಕ್ಕೆ ಬೆರಳುದ್ದದ ಚಕ್ಕೆ, ಆರು ಲವಂಗ, ನಾಲ್ಕು ಏಲಕ್ಕಿ, ನಾಲ್ಕು ಮೆಣಸಿನ ಕಾಳು, ಬಿಳಿ ತಗಲದಂತೆ ತೆಳ್ಳಗೆ ಹೆರೆದ ಕಿತ್ತಳೆಯ ಸಿಪ್ಪೆ. ಇದನ್ನು ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ ಸೋಸಬೇಕು. ನಮ್ಮ ಕಷಾಯದ ವಿದ್ಯೆಗೆ ಇಲ್ಲಿ ಪೂರ್ಣ ಅವಕಾಶವುಂಟು! ಆಮೇಲೆ ಮದ್ಯ ಸುರಿದು, ಹಬೆಯಾಡುವಷ್ಟು ಮಾತ್ರ ಬಿಸಿಮಾಡಿ, ಗುಳ್ಳೆ ಏಳುವ ಮೊದಲೇ ಇಳಿಸಬೇಕು. ಜಾಯಿಕಾಯಿಯನ್ನು ಕೊನೆಯಲ್ಲಿ ಚಿಟಿಕೆಯಷ್ಟು ತುರಿದರೆ ಸಾಕು.

ಆದರೆ ಮದ್ಯ ಸುರಿಯುವ ಮುನ್ನ ಅವಳು ಒಂದಷ್ಟು ಪಾಕವನ್ನು ಬೇರೊಂದು ಪಾತ್ರೆಗೆ ಬಗ್ಗಿಸಿಟ್ಟಳು. ಅದಕ್ಕೆ ಕೆಂಪು ದ್ರಾಕ್ಷಿಯ ಬರಿಯ ರಸ ಸೇರಿಸಿ, ಗುರುತಿಗೆ ಸೌಟನ್ನೂ ಬೇರೆಯೇ ಇಟ್ಟಳು. ಲೋಟ ಒಂದೇ ಬಗೆಯವು. ಬಣ್ಣ, ಹಬೆ, ಪರಿಮಳ ಎಲ್ಲವೂ ಒಂದೇ. ಆ ರಾತ್ರಿ ಯಾರ ಕೈಯಲ್ಲಿ ಯಾವುದಿತ್ತೆಂದು ಯಾರೂ ಕೇಳಲಿಲ್ಲ. ಅಣ್ಣ ಎಲ್ಲರಿಗಿಂತ ತಡವಾಗಿ ಎದ್ದರು. ಹೊರಡುವಾಗ ಬಾಗಿಲಲ್ಲಿ ನನ್ನ ಕೈ ಕುಲುಕಿ, “ಇನ್ನೂ ಒಂದು ಲೋಟ ಉಳಿದಿದೆಯೇ?” ಎಂದು ಕೇಳಿದರು.